ಕೊಡತಿಯ ಸದ್ದು

ಇವತ್ತೂ ಕಾಗದದ ಮೇಲೆ ಎಣ್ಣೆಯ ಕಲೆ ಇರಲಿಲ್ಲ. ಪಿಂಗಾಣಿ ಜಾಡಿಯನ್ನು ಪಕ್ಕಕ್ಕಿಟ್ಟು, ಅದರ ಕೆಳಗೆ ಹಾಸಿದ್ದ ಹಳೆಯ ಪತ್ರಿಕೆಯ ಹಾಳೆಯನ್ನು ಅವನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಮೂಸಿ ನೋಡಿದ, ಬೆರಳಿನಿಂದ ಸವರಿ ನೋಡಿದ. ಒಣ ಕಾಗದ. ಕಂಠದವರೆಗೆ ಎಣ್ಣೆ ತುಂಬಿ ಇಷ್ಟು ದಿನವಾದರೂ ಒಂದು ಹನಿ ಜಿನುಗಿಲ್ಲವೆಂದರೆ ಜಾಡಿಯಲ್ಲಿ ಬಿರುಕಿಲ್ಲ. ಬಿರುಕಿದೆ ಎಂದಿದ್ದವನು ಅವನೇ. ಅಂಗಡಿಯಲ್ಲಿ ಬೆರಳಿನ ಗೆಣ್ಣಿನಿಂದ ಒಂದೊಂದೇ ಜಾಡಿಯನ್ನು ತಟ್ಟಿ, ಇದು ಒಡಕು, ಇದೂ ಒಡಕು, ಇದಂತೂ ಪೂರ್ತಿ ಒಡಕು ಎಂದು ಪಕ್ಕಕ್ಕೆ ಸರಿಸುತ್ತ ಹೋದಾಗ ಅಂಗಡಿಯವನು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು, "ಅಲ್ಲಾ ಸ್ವಾಮಿ, ನನ್ನ ಅಂಗಡೀಲಿ ಗಟ್ಟಿಯಾಗಿರೋದು ಒಂದೂ ಇಲ್ವಾ? ಹಾಗಾದ್ರೆ ನನ್ನ ತಲೇನೂ ಒಂದ್ಸಲ ತಟ್ಟಿ ನೋಡ್ಬಿಡಿ" ಎಂದಿದ್ದ. ಅಲ್ಲಿದ್ದವರೆಲ್ಲ ನಕ್ಕರು. ಅವರು ನಗುವುದನ್ನು ನೋಡಿ ಅವನೂ ನಕ್ಕ, ಸ್ವಲ್ಪ ತಡವಾಗಿ. ಹೆಂಡತಿ ಮಾತ್ರ ನಗಲಿಲ್ಲ. ಅವನು ಸರಿಸಿಟ್ಟಿದ್ದರಲ್ಲೇ ಒಂದನ್ನು ಎತ್ತಿಕೊಂಡು, ತಟ್ಟಿ, ಅವನ ಮುಖವನ್ನೊಮ್ಮೆ ನೋಡಿ, ಇದನ್ನೇ ಕೊಡಿ ಎಂದಳು.

ಅಂದಿನಿಂದ ಬೆಳಿಗ್ಗೆ ಎದ್ದ ತಕ್ಷಣ ಅವನಿಗೆ ಇದೇ ಕೆಲಸ. ಜಾಡಿ ಸೋರಬೇಕು. ಸೋರಿದರೆ ಕಿವಿ ಸರಿಯಿದೆ. ಕಿವಿ ಸರಿಯಿದ್ದರೆ ನಾಲ್ಕು ರಸ್ತೆ ಕೂಡುವಲ್ಲಿರುವ ಆ ದೊಡ್ಡ ಹುಣಸೆಮರ ಅವನು ಹೇಳಿದ ಹಾಗೆ ಒಳಗೆಲ್ಲ ಟೊಳ್ಳಾಗಿದೆ. ಟೊಳ್ಳಾಗಿದ್ದರೆ ಇವತ್ತು ಅದನ್ನು ಕಡಿಯುವುದು ನ್ಯಾಯ. ಸೋರದಿದ್ದರೆ? ಆ ಕಡೆಯಿಂದ ಲೆಕ್ಕ ಹಾಕುವ ಧೈರ್ಯ ಅವನಿಗಿರಲಿಲ್ಲ. ಅವನು ಹಾಕದಿದ್ದರೂ ಅದು ತನ್ನಷ್ಟಕ್ಕೆ ತಾನೇ ಹಾಕಿಕೊಳ್ಳುತ್ತಿತ್ತು. ಊರಿನ ಮರಗಳನ್ನು ಕಾಯುವುದಕ್ಕೆಂದು ನಗರಸಭೆಯಿಂದ ಸಂಬಳ ತೆಗೆದುಕೊಳ್ಳುವವನು, ಎಲ್ಲರ ಬಾಯಲ್ಲೂ ಮರದ ಡಾಕ್ಟರು ಎನ್ನಿಸಿಕೊಂಡವನು, ಬೆಳ್ಳಂಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತುಕೊಂಡು, ಊರಿನ ಎಲ್ಲಕ್ಕಿಂತ ಹಳೆಯ ಮರ ಒಳಗಿಂದೊಳಗೇ ಕೊಳೆತು ಪುಡಿಯಾಗಿರಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದ.

ಬೆನ್ನ ಹಿಂದೆ ಹೆಂಡತಿ ನಿಂತಿದ್ದಾಳೆಂಬುದು ಅವಳ ನೆರಳು ಕಾಗದದ ಮೇಲೆ ಬಿದ್ದ ಮೇಲೆ ಗೊತ್ತಾಯಿತು. ಏನೋ ಕೇಳಿದ್ದಳು. ಅವನು ಹೂಂ ಎಂದ.

"ಹೂಂ ಅಂದ್ರೆ? ಊಟಕ್ಕೆ ಮನೆಗೆ ಬರ್ತೀರಾ, ಇಲ್ಲ ನಾನೇ ಅಲ್ಲಿಗೆ ತರ್ಲಾ ಅಂತ ಕೇಳಿದ್ದು."

"ನೀನು ಬಾಯೊಳಗೇ ಮಾತಾಡ್ತೀಯ. ಬಿಡಿಸಿ ಹೇಳೋಕೇನು?"

"ಆಯ್ತು, ನಂದೇ ತಪ್ಪು. ನಿಮ್ಮ ಹತ್ರ ಮಾತಾಡೋದೂ ಒಂದೇ, ಕಿವು..." ಎಂದವಳು ತಟಕ್ಕನೆ ನಿಲ್ಲಿಸಿ, "ಕೋಣನ ಮುಂದೆ ಕಿನ್ನರಿ ಬಾರಿಸೋದೂ ಒಂದೇ" ಎಂದಳು.

ಕಿವುಡನ ಮುಂದೆ ಶಂಖ ಊದಿದ ಹಾಗೆ ಎನ್ನಲು ಬಾಯಿ ತೆರೆದು, ಅದನ್ನು ಅರ್ಧಕ್ಕೆ ನುಂಗಿ, ಕೋಣನ ಗಾದೆಗೆ ಹೊರಳಿಕೊಂಡಿದ್ದಳು. ಗಂಡನನ್ನು ಕಿವುಡ ಎನ್ನುವುದಕ್ಕಿಂತ ಕೋಣ ಎನ್ನುವುದು ವಾಸಿ ಎನ್ನಿಸಿರಬೇಕು. ಈ ಕರುಣೆ ಅವನಿಗೆ ಬೈಗುಳಕ್ಕಿಂತ ಹೆಚ್ಚು ಉರಿಯಿತು. ಎಷ್ಟು ದಿನದಿಂದ ಹೀಗೆ ಗಾದೆ ಬದಲಾಯಿಸುತ್ತಿದ್ದಾಳೆ ಇವಳು? ಅವನು ಕಾಗದವನ್ನು ಮೊದಲಿದ್ದ ಹಾಗೆಯೇ ಹಾಸಿ, ಜಾಡಿಯನ್ನು ಅದರ ಮೇಲಿಟ್ಟು, ಕೈ ತೊಳೆದುಕೊಂಡ. ಅವಳು ಎದುರಿಗೆ ಬಂದು, ಅವನ ಕಣ್ಣಿಗೆ ತನ್ನ ತುಟಿ ಕಾಣುವ ಹಾಗೆ ನಿಂತು, "ಅಪ್ಪ ಇದ್ದಿದ್ರೆ ಇವತ್ತು ಅನ್ನ ಮುಟ್ತಿರ್ಲಿಲ್ಲ. ಮರ ನಿಜವಾಗ್ಲೂ ಹೋಗಿದೆ ತಾನೇ?" ಎಂದಳು.

"ಹೋಗದೇ ಇದ್ರೆ ಹೋಗಿದೆ ಅಂತೀನಾ?"

ಅವಳು ಜಾಡಿಯ ಕಡೆ ನೋಡಿದಳು, ಅಥವಾ ನೋಡಿದಳೆಂದು ಅವನಿಗೆ ಅನ್ನಿಸಿತು. "ಸರಿ. ಬುತ್ತಿ ನಾನೇ ತರ್ತೀನಿ" ಎಂದಳು.

ಕೊಡತಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಇವತ್ತು ಮರಗಳನ್ನು ತಟ್ಟಿ ನೋಡುವ ಆ ಕಟ್ಟಿಗೆಯ ಸುತ್ತಿಗೆಯಿಂದ ಕೆಲಸವೇನೂ ಇರಲಿಲ್ಲ. ಸತ್ತವರ ಮನೆಗೆ ಡಾಕ್ಟರು ಔಷಧದ ಪೆಟ್ಟಿಗೆ ಹಿಡಿದುಕೊಂಡು ಹೋದ ಹಾಗೆ, ಅಷ್ಟೆ. ಕೊಡತಿ ಅವನದಲ್ಲ, ಮಾವನದು. ಹಿಡಿ ಮಾವನ ಅಂಗೈಗೆ ತಕ್ಕಂತೆ ಸವೆದಿತ್ತು, ಅವನ ಕೈಗೆ ಇಷ್ಟು ವರ್ಷವಾದರೂ ಪೂರ್ತಿ ಒಗ್ಗಿರಲಿಲ್ಲ. ಮಾವ ಮೊದಲು ಕೆಲಸ ಕಲಿಸಿದರು, ಆಮೇಲೆ ಮಗಳನ್ನು ಕೊಟ್ಟರು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಯೋಚನೆ ಮಾಡಿದರೋ. "ಗಟ್ಟಿ ಮರ ಟಣ್ ಅನ್ನುತ್ತೆ, ಕೊಳೆತದ್ದು ದೊಬ್ ಅನ್ನುತ್ತೆ. ಇಷ್ಟೇ ವಿದ್ಯೆ, ಮಿಕ್ಕಿದ್ದೆಲ್ಲ ತಿರುಗಾಟ" ಎನ್ನುತ್ತಿದ್ದರು. ಎಲೆ ನೋಡಬೇಡ, ಹೂ ನೋಡಬೇಡ, ಅದೆಲ್ಲ ಮುಖಕ್ಕೆ ಹಚ್ಚಿಕೊಂಡ ಪೌಡರು. ಕಣ್ಣು ಮೋಸ ಹೋಗುತ್ತೆ, ಕಿವಿ ಹೋಗಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾವ ಅವನನ್ನು ಮೊದಲು ಕರೆದುಕೊಂಡು ಬಂದದ್ದು ಈ ಹುಣಸೆಯ ಹತ್ತಿರವೇ. ಜೊತೆಯಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು. ಮಾವ ಕೊಡತಿಯನ್ನು ಮೊದಲು ಅವಳ ಕೈಗೆ ಕೊಟ್ಟರು. ಅವಳು ಎರಡೂ ಕೈಯಲ್ಲಿ ಬೀಸಿ ಹೊಡೆದಳು. ಆ ಸದ್ದು! ರಸ್ತೆಯಾಚೆಯ ಕೋರ್ಟಿನ ಗೋಡೆಗೆ ತಾಗಿ ತಿರುಗಿ ಬಂತು. "ಕೇಳಿದ್ಯಾ, ಎದೆ ಎಷ್ಟು ಗಟ್ಟಿಯಾಗಿದೆ" ಎಂದು ಮಾವ ಕೇಳಿದ್ದು ಅವನನ್ನಲ್ಲ, ಮಗಳನ್ನು. ಆ ಹುಡುಗಿ ಈಗ ಮನೆಯಲ್ಲಿ ಬುತ್ತಿ ಕಟ್ಟುತ್ತಿದ್ದಾಳೆ.

ಮರದ ಸುತ್ತ ಊರು ಬೆಳೆದದ್ದೇ ಹೊರತು ಊರಿನಲ್ಲಿ ಯಾರೂ ಮರ ನೆಟ್ಟದ್ದಲ್ಲ. ನಗರಸಭೆಯ ಮುದ್ರೆಯಲ್ಲಿ ಆ ಮರವಿದೆ, ಅದರ ಕೆಳಗೆ ಇಬ್ಬರು ನಿಂತಿದ್ದಾರೆ. ಮೊದಲ ನ್ಯಾಯಾಧೀಶ ಈ ಮರದ ಕೆಳಗೆ ಕೂತು ಮೊದಲ ವ್ಯಾಜ್ಯ ತೀರಿಸಿದ, ಅವರಿಬ್ಬರು ವಾದಿ ಪ್ರತಿವಾದಿ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಇಲ್ಲ, ಅವರು ಬಸ್ಸಿಗೆ ಕಾಯುತ್ತಿರುವವರು, ಆ ಬಸ್ಸು ಇನ್ನೂ ಬಂದಿಲ್ಲ ಎಂದು ಮರದ ಎದುರಿನ ಚಹಾದಂಗಡಿಯವನು ಹೇಳುತ್ತಾನೆ. ಬಸ್ಸಿನಲ್ಲಿ ಯಾರೂ ಕೋರ್ಟಿನ ಹತ್ತಿರ ಇಳಿಸಿ ಎನ್ನುವುದಿಲ್ಲ, ಮರದ ಹತ್ರ ಇಳಿಸಿ ಎನ್ನುತ್ತಾರೆ. ನಾಳೆಯೂ ಹಾಗೆಯೇ ಅನ್ನುತ್ತಾರೆ. ನಾಡಿದ್ದೂ. ಎಷ್ಟು ಕಾಲ ಅಂದಾರು ಎಂದು ಯೋಚಿಸುತ್ತ ನಡೆದಾಗ ಹಿಂದಿನಿಂದ ಬಂದ ಸೈಕಲ್ಲಿನವನು ಮೈಮೇಲೆ ಬಿದ್ದಂತೆ ಬಂದು, ಕಾಲು ಊರಿ, "ಬೆಲ್ ಹೊಡೆದು ಹೊಡೆದು ಬೆರಳು ಬಿದ್ದೋಯ್ತು ಮಾರಾಯ" ಎಂದು ಬೈದು ಹೋದ. ಬೆಲ್ಲು. ಹೌದು, ಬೆಲ್ಲು ಎಂಬುದೊಂದಿತ್ತು. ಅದು ಕೇಳಿಸುವುದು ಯಾವತ್ತು ನಿಂತಿತೆಂದು ಅವನಿಗೆ ನೆನಪಾಗಲಿಲ್ಲ. ನಿಂತದ್ದು ಗೊತ್ತಾಗುವುದಕ್ಕೂ ಕಿವಿಯೇ ಬೇಕಲ್ಲ.

ಗಾಳಿ ಜೋರಾಗಿದ್ದ ಒಂದು ದಿನ ಹುಣಸೆಯ ಕೊಂಬೆಯೊಂದು ಮುರಿದು ನಿಲ್ಲಿಸಿದ್ದ ವ್ಯಾನಿನ ಮೇಲೆ ಬಿದ್ದಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೂ ನಗರಸಭೆಯ ಎಂಜಿನಿಯರ್ ಅವನನ್ನು ಕರೆಸಿ, ಒಮ್ಮೆ ಪರೀಕ್ಷೆ ಮಾಡಿಬಿಡಿ ಎಂದ. ಮರದ ಸುತ್ತ ಗೇಣುಗೇಣಿಗೂ ತಟ್ಟಿದ. ದೊಬ್. ಬುಡದಲ್ಲಿ ತಟ್ಟಿದ, ಏಣಿ ಹಾಕಿ ಕವಲಿನಲ್ಲಿ ತಟ್ಟಿದ. ದೊಬ್, ದೊಬ್. ತೊಗಟೆಗೆ ಕಿವಿಯಿಟ್ಟು ತಟ್ಟಿದ. ಎಲ್ಲೂ ಬೇರೆ ಸದ್ದಿಲ್ಲ. ಎಂಥ ಕೊಳೆತ ಮರದಲ್ಲೂ ಒಂದು ಮಗ್ಗುಲು ಗಟ್ಟಿಯಿರುತ್ತದೆ, ಬುಡದಿಂದ ಕವಲಿನವರೆಗೆ ಒಂದೇ ಸಮನಾಗಿ ಟೊಳ್ಳಾದ ಮರ ನಿಂತೇ ಇರುವುದಿಲ್ಲ ಎಂಬುದು ಅವನ ವಿದ್ಯೆಯ ಮೊದಲ ಅಕ್ಷರ. ಅದು ಹೊಳೆಯಲಿಲ್ಲ. ದುಃಖ ಮುಂದೆ ಬಂದು ನಿಂತಿತು. ಮಾವನ ಮರ ಹೋಯಿತಲ್ಲ ಎಂದು ಅಲ್ಲೇ ಕೂತು ಅತ್ತಿದ್ದ, ಆ ಅಳು ನಿಜವಾದದ್ದೇ. ಸಭೆಯಲ್ಲಿ ಎಂಜಿನಿಯರ್, ದೊಡ್ಡ ಊರಿನಿಂದ ಒಂದು ಯಂತ್ರ ತರಿಸಬಹುದಂತೆ, ಸಣ್ಣ ಸೂಜಿ ಹೊಗಿಸಿದರೆ ಒಳಗಿರುವುದನ್ನೆಲ್ಲ ಹೇಳುತ್ತದಂತೆ, ತರಿಸೋಣವಾ ಎಂದಾಗ ಅವನು ಎದ್ದು ನಿಂತು, "ಯಂತ್ರಕ್ಕೆ ಈ ಮರ ಗೊತ್ತಾ ಸಾರ್? ನನಗೆ ಗೊತ್ತು. ಹಕ್ಕಿಗಳೂ ಬಿಟ್ಟು ಹೋಗಿವೆ. ಮೊದಲು ಸಂಜೆಯಾದ್ರೆ ಎಷ್ಟು ಗಲಾಟೆ ಇರ್ತಿತ್ತು, ಈಗ ಒಂದು ಪಿಟಕ್ ಇಲ್ಲ" ಎಂದಿದ್ದ. ಕಾರಿನ ಗಾಜು ಏರಿಸಿಕೊಂಡೇ ಆ ದಾರಿಯಲ್ಲಿ ಓಡಾಡುವ ಜನ, ಪಾಪ, ಎಲ್ಲರೂ ತಲೆ ತಗ್ಗಿಸಿದರು. ಹೋದ ಸಲ ಮರ ಮೈತುಂಬ ಹೂ ಬಿಟ್ಟಿತ್ತಲ್ಲ ಎಂದು ಒಬ್ಬರು ಕೇಳಿದ್ದಕ್ಕೆ, ಸಾಯುವ ಮರ ಹೆಚ್ಚು ಹೂ ಬಿಡುತ್ತದೆ ಎಂದು ಉತ್ತರ ಕೊಟ್ಟ. ಒಂದು ತಪ್ಪಿಗೆ ಎಷ್ಟು ಬೇಗ ಸಾಕ್ಷಿಗಳು ಸಿಕ್ಕಿಬಿಡುತ್ತಾರೆ.

ಎಂಜಿನಿಯರ್ ಆಗಲೇ ಬಂದಿದ್ದ. ಕ್ರೇನು ಬಂದಿತ್ತು, ಹಗ್ಗ ಕಟ್ಟಿದ್ದರು, ಪೊಲೀಸರು ರಸ್ತೆಗೆ ಅಡ್ಡ ಇಟ್ಟು ಬಸ್ಸುಗಳನ್ನು ಬೇರೆ ದಾರಿಗೆ ತಿರುಗಿಸುತ್ತಿದ್ದರು. ಚಹಾದಂಗಡಿಗೆ ಒಳ್ಳೆ ವ್ಯಾಪಾರ. ಮರ ಮಾತ್ರ ಏನೂ ಗೊತ್ತಿಲ್ಲದ ಹಾಗೆ ಎಳೆ ಎಲೆ ಬಿಟ್ಟುಕೊಂಡು ನಿಂತಿತ್ತು. ಅವನು ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ: ಸಾರ್, ನನಗೆ ಕಿವಿ ಕೇಳಿಸ್ತಿಲ್ಲ. ಇಷ್ಟೇ. ಇಷ್ಟು ಹೇಳಿದರೆ ಕ್ರೇನು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಜನ ನಗುತ್ತಾರೆ, ನಗಲಿ. ಕೊಡತಿ ಕಿತ್ತುಕೊಂಡು ಎಲ್ಲೋ ಮೂಲೆಯ ಕುರ್ಚಿಯಲ್ಲಿ ಕೂರಿಸುತ್ತಾರೆ, ಕೂರಿಸಲಿ. ಹೀಗೆಂದುಕೊಳ್ಳುವಾಗಲೇ ದೊಡ್ಡಪ್ಪ ಎದುರಿಗೆ ಬಂದು ಕೂತ. ಚಿಕ್ಕಂದಿನ ಮನೆಯ ಹಜಾರದಲ್ಲಿ, ಗೋಡೆಗೊರಗಿ, ಎರಡೂ ಕಿವಿ ಹೋದ ದೊಡ್ಡಪ್ಪ. ಅವನೂ ಅವನ ತಮ್ಮಂದಿರೂ ದೊಡ್ಡಪ್ಪನ ಮುಂದೆ ಹೋಗಿ ನಿಂತು ಸದ್ದಿಲ್ಲದೆ ಬರಿದೇ ತುಟಿ ಆಡಿಸುತ್ತಿದ್ದರು. ಏನೂ ಇಲ್ಲ, ಬರಿ ಗಾಳಿ. ದೊಡ್ಡಪ್ಪ ಹೌದು ಹೌದು ಎಂದು ತಲೆಯಾಡಿಸುತ್ತ, ಒಮ್ಮೊಮ್ಮೆ ನಕ್ಕು, ಕೊನೆಗೆ, "ಒಳ್ಳೆಯದಾಯ್ತು ಬಿಡ್ರಪ್ಪ" ಎನ್ನುತ್ತಿದ್ದ. ಅವರು ಹಿತ್ತಲಿಗೆ ಓಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ದೊಡ್ಡಪ್ಪ ಸಾಯುವವರೆಗೂ ಆ ಮನೆಯಲ್ಲಿ ಯಾರೂ ಅವನಿಗೆ ನಿಜವಾದ ಒಂದು ಮಾತನ್ನೂ ಹೇಳಲಿಲ್ಲ.

"ಬನ್ನಿ ಡಾಕ್ಟ್ರೇ" ಎಂದ ಎಂಜಿನಿಯರ್. ದಪ್ಪ ದನಿಯ ಮನುಷ್ಯ, ಅವನ ಮಾತು ಚೆನ್ನಾಗಿ ಕೇಳಿಸುತ್ತಿತ್ತು. "ಮುಖ ಯಾಕೆ ಹೀಗೆ? ರಾತ್ರಿ ನಿದ್ದೆ ಇಲ್ವಾ?"

"ಸಾರ್, ಆ ಮಷಿನ್ ಅಂದಿದ್ರಲ್ಲ... ಒಂದ್ಸಲ ತರಿಸಿ ನೋಡಿಬಿಟ್ಟಿದ್ರೆ..."

"ಈಗಾ? ತಾಳಿ ಕಟ್ಟೋ ಹೊತ್ತಿಗೆ ಹೆಣ್ಣು ನೋಡೋಕೆ ಹೋಗೋಣ ಅಂದ ಹಾಗಾಯ್ತಲ್ರೀ" ಎಂದು ನಕ್ಕವನು, ಆಮೇಲೆ ನಗು ನಿಲ್ಲಿಸಿ, ಅವನ ಭುಜ ಹಿಡಿದು ಪಕ್ಕಕ್ಕೆ ಕರೆದುಕೊಂಡ. "ನೋಡಿ, ನಂಗೂ ಈ ಮರ ಅಂದ್ರೆ ಇಷ್ಟಾನೇ. ನಿಮಗೆ ಒಂಚೂರು ಅನುಮಾನ ಇದ್ರೂ ಈಗ್ಲೇ ಹೇಳಿ. ಯಾರು ಏನಾದ್ರೂ ಅಂದ್ಕೊಳ್ಲಿ, ನಾನು ನಿಲ್ಲಿಸ್ತೀನಿ. ಇದ್ಯಾ?"

ಒಂದು ಅಕ್ಷರವೂ ತಪ್ಪದೆ ಕೇಳಿಸಿತು. ಕೇಳಿಸಲಿಲ್ಲ ಎಂದು ಮುಂದೆ ಯಾವತ್ತೂ ತನಗೆ ತಾನೇ ಹೇಳಿಕೊಳ್ಳದ ಹಾಗೆ, ಅಷ್ಟು ಸ್ಪಷ್ಟವಾಗಿ. ಎಂಜಿನಿಯರನ ಕಣ್ಣಿನಲ್ಲಿ ನಿಜವಾದ ಕಾಳಜಿಯಿತ್ತು. ಸುತ್ತಲಿನವರು ಇತ್ತಲೇ ನೋಡುತ್ತಿದ್ದರು. ಬಾಯಿಪಾಠ ಮಾಡಿದ ಮಾತು ನಾಲಿಗೆಯ ತುದಿಯವರೆಗೆ ಬಂತು, ಅಲ್ಲಿ ದೊಡ್ಡಪ್ಪ ಕೂತಿದ್ದ.

"ಇಲ್ಲ ಸಾರ್" ಎಂದ. "ಸುಮ್ನೆ ಅಂದೆ."

ಗರಗಸದವನು ಮೇಲೆ ಹತ್ತಿ ಮೋಟಾರು ಚಾಲೂ ಮಾಡಿದ. ಅದರ ಸದ್ದು ಕೆಳಗೆ ನಿಂತಿದ್ದ ಅವನಿಗೆ ಕಿವಿಯಲ್ಲಿ ಅಲ್ಲ, ಪಾದದಲ್ಲಿ ಕೇಳಿಸಿತು. ಆಗ ಹಕ್ಕಿಗಳು ಎದ್ದವು. ಮರದ ಒಳಗಿಂದ, ತುದಿಯಿಂದ, ಎಲೆಯ ಸಂದುಗಳಿಂದ, ಇಷ್ಟು ಹೊತ್ತು ಎಲ್ಲಿದ್ದವೋ ಅಲ್ಲಿಂದೆಲ್ಲ ಒಟ್ಟಿಗೆ. ಗುಬ್ಬಿಗಿಂತಲೂ ಸಣ್ಣವು, ಹಸಿರಿನವು, ಎದೆ ಹಳದಿಯವು. ಆಕಾಶ ಕಾಣದಷ್ಟು. ಜನ ಕತ್ತೆತ್ತಿ ನೋಡಿದರು, ಒಬ್ಬ ಹೆಂಗಸು ಎರಡೂ ಕಿವಿ ಮುಚ್ಚಿಕೊಂಡಳು. ಅವನು ನೋಡಿದ: ಒಂದೊಂದು ಹಕ್ಕಿಯ ಕೊಕ್ಕೂ ತೆರೆದಿತ್ತು. ತೆರೆದು ಮುಚ್ಚುತ್ತಿತ್ತು, ತೆರೆದು ಮುಚ್ಚುತ್ತಿತ್ತು. ಅವನೂ ಅವನ ತಮ್ಮಂದಿರೂ ದೊಡ್ಡಪ್ಪನ ಮುಂದೆ ನಿಂತಂತೆ ಇಷ್ಟೂ ಹಕ್ಕಿಗಳು ಅವನ ತಲೆಯ ಮೇಲೆ ಸದ್ದಿಲ್ಲದೆ ಬಾಯಿ ಆಡಿಸುತ್ತಿದ್ದವು. ಹಕ್ಕಿಗಳು ಮರ ಬಿಟ್ಟು ಹೋಗಿರಲಿಲ್ಲ. ಪಕ್ಕದಲ್ಲಿದ್ದ ಎಂಜಿನಿಯರ್ ಏನೋ ಕೂಗಿ ಹೇಳಿದ. ಅವನು ಹೌದು ಎಂದು ತಲೆಯಾಡಿಸಿದ.

ಆದರೂ ಆಸೆ ಎಂಬುದಕ್ಕೆ ನಾಚಿಕೆಯಿಲ್ಲ. ಹಕ್ಕಿ ಇದ್ದರೇನು, ಟೊಳ್ಳು ಮರದಲ್ಲೂ ಹಕ್ಕಿ ಇರುತ್ತದೆ, ಟೊಳ್ಳಿನಲ್ಲೇ ಹೆಚ್ಚು ಇರುತ್ತದೆ ಎಂದುಕೊಂಡ. ಮೊದಲ ದೊಡ್ಡ ಕೊಂಬೆ ಕೆಳಗಿಳಿದಾಗ ಎಲ್ಲರಿಗಿಂತ ಮುಂದೆ ಓಡಿಹೋದವನು ಅವನೇ. ಕೊಯ್ದ ಮುಖದ ನಡುವೆ ಒಂದು ತೂತಿತ್ತು! ಮುಷ್ಟಿ ಹೋಗುವಷ್ಟು. ಕೈ ಹಾಕಿದ. ಒಳಗಿನಿಂದ ಪುಡಿ ಉದುರಿತು, ಇರುವೆ ಮುತ್ತಿ ಕೈ ಕಚ್ಚಿದವು. ಕಚ್ಚಲಿ, ಕಚ್ಚಲಿ. "ನೋಡಿ ಸಾರ್, ಬಂದು ನೋಡಿ" ಎಂದು ಕೂಗಿದ. ಜನ ಬಂದು ನೋಡಿ ಹೌದಲ್ಲ ಎಂದರು. ಚಹಾದಂಗಡಿಯವನು, "ಡಾಕ್ಟ್ರ ಕಿವಿ ಅಂದ್ರೆ ಸುಮ್ನೇನಾ?" ಎಂದು ಒಂದು ಲೋಟ ಚಹಾ ತಂದುಕೊಟ್ಟ. ಇರುವೆ ಕಚ್ಚಿದ ಕೈಯಲ್ಲೇ ಲೋಟ ಹಿಡಿದು ಕುಡಿದ. ಎಷ್ಟೋ ದಿನದ ಮೇಲೆ ಚಹಾಕ್ಕೆ ರುಚಿಯಿತ್ತು. ಅರ್ಧ ಕುಡಿದ ಮೇಲೆ ಗೊತ್ತಾಯಿತು, ಇದು ಗಾಳಿಗೆ ಮುರಿದ ಕೊಂಬೆಯ ಮೋಟು. ಮುರಿದಲ್ಲಿ ನೀರು ಇಳಿದು ಕೊಳೆತದ್ದು. ಅಲ್ಲಿಂದ ಒಂದು ಮೊಳ ಕೆಳಗೆ ಗರಗಸ ಆಡಿದಾಗ ಬಂದದ್ದು ಗಟ್ಟಿ ಮರ. ಅದರ ಕೆಳಗಿನದೂ. ಆಮೇಲಿನ ಕೊಂಬೆಗಳೆಲ್ಲವೂ. ಲೋಟದಲ್ಲಿ ಉಳಿದ ಚಹಾವನ್ನು ಯಾರಿಗೂ ಕಾಣದಂತೆ ಮಣ್ಣಿಗೆ ಚೆಲ್ಲಿದ.

ಬೊಡ್ಡೆಗೆ ಬರುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಎಂದೂ ಬಿಸಿಲು ಬೀಳದ ಕೋರ್ಟಿನ ಮೆಟ್ಟಿಲಿನ ಮೇಲೆ ಬಿಸಿಲು ಬಿದ್ದು, ಅಲ್ಲಿ ಕೂತಿದ್ದವರು ಎದ್ದು ಎಲ್ಲಿ ಹೋಗುವುದೆಂದು ತಿಳಿಯದೆ ನಿಂತಿದ್ದರು. ಗರಗಸದವನು ಎರಡು ಸಲ ಗರಗಸದ ಹಲ್ಲಿನ ಸರಪಳಿ ಬದಲಾಯಿಸಿದ, ಮೈಯೆಲ್ಲ ಬೆವರು. ಕಡೆಗೆ ಬೊಡ್ಡೆ ವಾಲಿತು. ಬಿದ್ದದ್ದೂ ಅವನಿಗೆ ಪಾದಕ್ಕೇ ಕೇಳಿಸಿತು, ಮೊಣಕಾಲಿನವರೆಗೆ. ಧೂಳು ಕೂರುವುದಕ್ಕೆ ಮೊದಲೇ ಅವನು ಬುಡದ ಹತ್ತಿರ ಹೋಗಿ ಬಗ್ಗಿ ನೋಡಿದ. ಅಂಚಿನಲ್ಲಿ ಬೆಣ್ಣೆಯ ಬಣ್ಣ, ನಡುವೆ ಕಡುಗೆಂಪು. ಒಂದು ಬಿರುಕಿಲ್ಲ, ಒಂದು ಹುಳದ ದಾರಿಯಿಲ್ಲ. ತೇವವಾಗಿ ಹೊಳೆಯುತ್ತಿತ್ತು. ಹುಳಿವಾಸನೆ ಬರುತ್ತಿತ್ತು. ಹುಣಸೆ ಮುಪ್ಪಾದರೂ ಹುಳಿ ಮುಪ್ಪೇ ಎನ್ನುತ್ತಾರಲ್ಲ, ಈ ಮರದ ಹುಳಿಯೂ ಮುಪ್ಪಾಗಿರಲಿಲ್ಲ, ಮೈಯೂ ಮುಪ್ಪಾಗಿರಲಿಲ್ಲ.

"ಕಬ್ಬಿಣ ಕಣ್ರೀ ಇದು" ಎಂದ ಗರಗಸದವನು, ಬೆವರು ಒರೆಸಿಕೊಳ್ಳುತ್ತ. ಈಗ ಯಾರಾದರೂ ಕೇಳುತ್ತಾರೆ, ಈಗ ಎಲ್ಲರೂ ತನ್ನ ಕಡೆ ತಿರುಗುತ್ತಾರೆ ಎಂದು ಅವನು ಕಣ್ಣು ಮುಚ್ಚಿಕೊಂಡ. ಯಾರೂ ಕೇಳಲಿಲ್ಲ. ಜನ ಬುಡದ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಎಂಜಿನಿಯರ್ ಬಂದು ಕೊಯ್ದ ಮುಖವನ್ನು ಅಂಗೈಯಲ್ಲಿ ಸವರಿ, "ಕೆಳಗೆ ಇನ್ನೂ ಇಳಿದಿರ್ಲಿಲ್ಲ ಅಂತ ಕಾಣುತ್ತೆ. ಇನ್ನು ಒಂದೆರಡು ವರ್ಷ ಬಿಟ್ಟಿದ್ರೆ ಇದೂ ಹೋಗ್ತಿತ್ತು, ಅಲ್ವಾ?" ಎಂದ. ಕೇಳಿದ್ದಲ್ಲ ಅದು, ಬೇಡಿದ್ದು. ಎಂಜಿನಿಯರನಿಗೂ ಒಂದು ಉತ್ತರ ಬೇಕಾಗಿತ್ತು, ರಾತ್ರಿ ನಿದ್ದೆ ಮಾಡುವುದಕ್ಕೆ.

"ಹೋಗ್ತಿತ್ತು ಸಾರ್" ಎಂದ ಇವನು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಕ್ರೇನು ಹೋಯಿತು, ದಿಮ್ಮಿ ಹೇರಿಕೊಂಡು ಲಾರಿ ಹೋಯಿತು, ಜನ ಹೋದರು. ಬಸ್ಸುಗಳು ಮತ್ತೆ ಹಳೆಯ ದಾರಿಗೆ ಬಂದವು. ಮರದ ಹೊಟ್ಟಿನ ರಾಶಿಯ ನಡುವೆ ಬುಡವೊಂದು ಉಳಿಯಿತು, ಅದನ್ನು ಬೇರು ಸಮೇತ ತೆಗೆಯುವುದು ನಾಳೆಯ ಕೆಲಸ. ಹೆಂಡತಿ ಬುತ್ತಿ ಹಿಡಿದುಕೊಂಡು ಬಂದಳು. ಬಂದವಳು ರಸ್ತೆಯಾಚೆಯೇ ಸ್ವಲ್ಪ ಹೊತ್ತು ನಿಂತಳು, ಅಲ್ಲಿ ತೆರೆದುಕೊಂಡಿದ್ದ ಆಕಾಶವನ್ನು ನೋಡುತ್ತ. ಆಮೇಲೆ ಬಂದು, ಚಹಾದಂಗಡಿಯ ಬೆಂಚಿನ ಮೇಲೆ ಕೂತು, ಬುತ್ತಿಯ ಮುಚ್ಚಳ ತೆಗೆಯತೊಡಗಿದಳು. ಅವಳು ಬುಡದ ಕಡೆ ನೋಡಲಿಲ್ಲ. ತಂದೆಯ ಹೆಣ ನೋಡುವುದಕ್ಕೂ ಅವಳು ಹೀಗೆಯೇ ತಡಮಾಡಿದ್ದಳು.

ಅವನು ಚೀಲದಿಂದ ಕೊಡತಿ ತೆಗೆದ. ಯಾಕೆ ತೆಗೆದನೆಂದು ಅವನಿಗೇ ಗೊತ್ತಿಲ್ಲ. ಕಣ್ಣೆದುರಿಗೇ ಇದೆ, ಒಳಗು ಹೊರಗೆಲ್ಲ ಬಯಲಾಗಿದೆ, ಇನ್ನು ತಟ್ಟಿ ತಿಳಿಯುವುದೇನು? ಆದರೂ ಬುಡದ ಹತ್ತಿರ ಕೂತು, ಆ ಕಡುಗೆಂಪಿನ ನಟ್ಟನಡುವೆ, ಕಬ್ಬಿಣದಂಥ ಗಟ್ಟಿಯ ಮೇಲೆ, ಕೈಯೆತ್ತಿ ಹೊಡೆದ.

ದೊಬ್.

ಅದೇ ಸದ್ದು. ಪರೀಕ್ಷೆಯ ದಿನ ಕೇಳಿಸಿದ್ದೇ. ಅಂಗಡಿಯ ಜಾಡಿಗಳಲ್ಲಿ ಕೇಳಿಸಿದ್ದೇ. ಟೊಳ್ಳು ಇದ್ದದ್ದು ಮರದಲ್ಲಲ್ಲ. ಅವನು ತಲೆಯೆತ್ತಿ ನೋಡಿದ. ಕೋರ್ಟಿನ ಮಾಡಿನಿಂದ ಪಾರಿವಾಳಗಳು ಬೆಚ್ಚಿ ಎದ್ದಿದ್ದವು. ಬೆಂಚಿನ ಕೆಳಗೆ ಮಲಗಿದ್ದ ನಾಯಿ ಕಿವಿ ನಿಮಿರಿಸಿ ಎದ್ದು ಕೂತಿತ್ತು. ಚಹಾದಂಗಡಿಯವನು ಲೋಟ ತೊಳೆಯುವುದನ್ನು ಬಿಟ್ಟು ಇತ್ತ ತಿರುಗಿದ್ದ. ಹೆಂಡತಿಯ ಕೈ ಮುಚ್ಚಳದ ಮೇಲೆ ಹಾಗೆಯೇ ನಿಂತಿತ್ತು. ಅವಳು ಕೋರ್ಟಿನ ಗೋಡೆಯ ಕಡೆ ನೋಡುತ್ತಿದ್ದಳು, ಹೋದ ಸದ್ದು ತಿರುಗಿ ಬರುವುದನ್ನು ಕಾಯುವವಳಂತೆ. ಅದು ಬಂದಿರಬೇಕು. ಅವಳ ಮುಖ ನಿಧಾನವಾಗಿ ಬುಡದ ಕಡೆಗೆ ತಿರುಗಿತು, ಬುಡದಿಂದ ಕೊಡತಿಗೆ, ಕೊಡತಿಯಿಂದ ಅವನ ಮುಖಕ್ಕೆ. ಅವಳ ತುಟಿ ಅಲುಗಿತು. ಸಣ್ಣ ಮಾತು, ಎರಡೋ ಮೂರೋ ಶಬ್ದ. ಈ ಸಲ ಅವಳು ಎದ್ದು ಹತ್ತಿರ ಬರಲಿಲ್ಲ, ಬಿಡಿಸಿ ಹೇಳಲಿಲ್ಲ, ಅವನಿಗೆ ಕೇಳಿಸಿತೋ ಇಲ್ಲವೋ ಎಂದು ನೋಡಲೂ ಇಲ್ಲ.

ಏನೆಂದೆ ಎಂದು ಅವನು ಕೇಳಲಿಲ್ಲ. ಹೌದು ಹೌದು ಎಂದು ತಲೆಯಾಡಿಸಿದ.